ಹದಿನೇಳನೆಯ ಟಿಕೆಟ್

ಸಕಲೇಶಪುರದಲ್ಲಿ ಸಮುದ್ರವಿಲ್ಲ.
ಇರುವುದು ಹೇಮಾವತಿ, ಅದಕ್ಕೊಂದು ಸೇತುವೆ,
ಸೇತುವೆ ದಾಟಿದರೆ ಹಳೆಯ ಕಾಫಿ ಗೋದಾಮು.
ಅದರೊಳಗೆ ಗಾಜಿನ ಪೆಟ್ಟಿಗೆಯಲ್ಲಿ ನನ್ನ ಹಡಗು:
ಆಳುದ್ದ, ಮೂರು ಹೊಗೆಕೊಳವೆ,
ಇಲಿ ಕಡಿದ ಕಡೆ ಎಂ-ಸೀಲ್ ಮೆತ್ತಿದ್ದು ನಾನೇ.

ಇಲ್ಲಿ ಗೈಡೂ ನಾನು, ಕಸ ಗುಡಿಸುವವಳೂ ನಾನು.
ಸಮುದ್ರ ನೋಡಿದ್ದು ಒಂದೇ ಸಲ, ಸುರತ್ಕಲ್ಲಿನ ಹತ್ತಿರ,
ಮದುವೆ ದಿಬ್ಬಣದ ಬಸ್ಸಿನ ಕಿಟಕಿಯಲ್ಲಿ.
ಆದರೂ ದಿನಕ್ಕೆ ಮೂರು ಸಲ ಮಕ್ಕಳನ್ನು
ಬೊಂಬಾಯಿಯಿಂದ ಟಿಲ್ಬರಿಗೆ ಮುಟ್ಟಿಸುತ್ತೇನೆ.
ಮೂರು ವಾರದ ದಾರಿ, ನಲವತ್ತು ನಿಮಿಷ.
ಏಡನ್ ಬರುವಷ್ಟರಲ್ಲಿ
ಒಬ್ಬನಿಗಾದರೂ ಒಂದಕ್ಕೆ ಅವಸರವಾಗುತ್ತದೆ.

ಬಾಗಿಲಲ್ಲೇ ಎಲ್ಲರ ಕೈಗೂ ಒಂದೊಂದು ರಟ್ಟಿನ ಟಿಕೆಟ್.
ಮೇಲೊಂದು ಹೆಸರು. ಮೂವತ್ತಾರನೇ ಇಸವಿಯಲ್ಲಿ
ನಿಜವಾಗಿ ಹಡಗು ಹತ್ತಿದವರದು.
ಇವತ್ತು ನೀನೇ ಅವರು, ಎನ್ನುತ್ತೇನೆ.
ಹೆತ್ತೂರಿನ ತೇಜಕುಮಾರ ಹಾಲ್ಡೇನ್ ದೊರೆಯಾಗಿ
ಸೊಂಟಕ್ಕೆ ಕೈಕೊಟ್ಟು ಎಲ್ಲರ ಮೇಲೂ ರೇಗುತ್ತಾನೆ.
ದೊರೆಸಾನಿಯಾದ ಶಿಫಾನಾ
ಬೇರೆ ಟಿಕೆಟ್ ಕೊಡಿ ಮಿಸ್, ಎಂದು ಮುಖ ಮುಚ್ಚಿಕೊಳ್ಳುತ್ತಾಳೆ.
ನಾಯಿಗೂ ಟಿಕೆಟ್ ಇದೆ. ನಾಯಿಯ ಹೆಸರು ಡಂಡೀ.
ಜಗಳವೆಲ್ಲ ಅದಕ್ಕೇ.

ಆ ಬುಧವಾರ ಹದಿನೇಳನೆಯದು ಮೊಯ್ನಾಳಿಗೆ ಬಂತು.
ಅಸ್ಸಾಮಿನ ಹುಡುಗಿ, ಬಾಳ್ಳುಪೇಟೆ ಕಡೆಯ ತೋಟದ ಲೈನುಮನೆ.
ಎರಡೇ ವರ್ಷದಲ್ಲಿ ಕಲಿತ ಕನ್ನಡ
ಬೈಗುಳದ ಸಮೇತ ಸ್ವಚ್ಛವಾಗಿದೆ.
ಟಿಕೆಟ್ ತಿರುಗಿಸಿದಳು, ಮತ್ತೆ ತಿರುಗಿಸಿದಳು.
ಮಿಸ್, ಇದರಲ್ಲಿ ಹೆಸರೇ ಇಲ್ಲ.

ಇರಲಿಲ್ಲ. ಹಡಗಿನವರ ಪಟ್ಟಿಯಲ್ಲಿದ್ದುದೇ ಅಷ್ಟು:
ಹಾಲ್ಡೇನ್ ದಂಪತಿ, ಇಬ್ಬರು ಮಕ್ಕಳು, ಮತ್ತು ಆಯಾ.
ಒಂದು ಫೋಟೋ ಇದೆ. ಡೆಕ್ಕಿನ ಮೇಲೆ, ಕಂಕುಳಲ್ಲಿ ಕೂಸು,
ಕೂಸು ಅಳುತ್ತಿರಬೇಕು, ಇವಳು ಅತ್ತ ತಿರುಗಿದ್ದಾಳೆ,
ಮುಖವಿರಬೇಕಾದಲ್ಲಿ ಸ್ವಲ್ಪ ಗಾಳಿ.
ಒಂದು ರಸೀದಿ ಇದೆ: ಉಣ್ಣೆ ಶಾಲು, ಆಯಾಗೆ, ನಾಲ್ಕು ರೂಪಾಯಿ.

ಹಾಸನದಿಂದ ಬಂದಿದ್ದ ಇನ್ನಾಸಪ್ಪ ಎಂಬ ಮುದುಕರು
ಫೋಟೋದ ಮುಂದೆ ಬಹಳ ಹೊತ್ತು ನಿಂತಿದ್ದರು ಹೋದ ವರ್ಷ.
ನಮ್ಮ ಶೆಟ್ಟಿಹಳ್ಳಿಯವಳು ಕಣಮ್ಮ ಇವಳು,
ಲೂರ್ದಮ್ಮನೋ ಮದಲೇನಮ್ಮನೋ,
ನೆನಪಾದರೆ ಬಂದು ಹೇಳ್ತೀನಿ ಎಂದು ಹೋದವರು
ಬಂದಿಲ್ಲ. ಆ ಊರಾದರೂ ಎಲ್ಲಿದೆ?
ಗೊರೂರಿನ ಹಿನ್ನೀರು ಇಳಿದಾಗ ಇಗರ್ಜಿಯ ಗೋಡೆ
ಮುಳುಗಿದ ಹಡಗಿನ ಹಾಗೆ ಮೇಲೇಳುತ್ತದೆ,
ಜನ ಹೋಗಿ ಮೊಬೈಲು ಹಿಡಿಯುತ್ತಾರೆ.

ಇದನ್ನೆಲ್ಲ ಹೇಳಿದೆ. ಮೊಯ್ನಾ ಕೇಳಿದ್ದು ಬೇರೆ.
ಇವಳಿಗೆ ವಾಪಸ್ ಟಿಕೆಟ್ ಇತ್ತಾ ಮಿಸ್?

ಐದು ವರ್ಷದಲ್ಲಿ ಎಲ್ಲ ಕೇಳಿದ್ದಾರೆ:
ಶಾರ್ಕ್ ಬಂದರೆ? ಹಡಗಿನಲ್ಲಿ ಮುದ್ದೆ ಸಿಗುತ್ತಿತ್ತಾ?
ಕಕ್ಕಸು ಎಲ್ಲಿ ಬೀಳುತ್ತಿತ್ತು?
ಇದನ್ನು ಯಾರೂ ಕೇಳಿರಲಿಲ್ಲ.

ಕೆಲವರಿಗೆ ಇತ್ತು, ಎಂದೆ. ಇನ್ನು ಕೆಲವರನ್ನು
ಕೆಲಸ ಮುಗಿಯಿತೆಂದು ಅಲ್ಲೇ ಬಿಟ್ಟುಬಿಡುತ್ತಿದ್ದರು.
ಈ ಕಡೆ ಬರುವ ಯಾವುದೋ ಸಂಸಾರಕ್ಕೆ
ಮಗು ಎತ್ತಿಕೊಳ್ಳಲು ಆಳು ಬೇಕಾಗುವ ತನಕ
ಲಂಡನ್ನಿನ ಚಳಿಯಲ್ಲಿ ಕಾಯಬೇಕು.

ತಲೆಯಾಡಿಸಿದಳು, ಗೊತ್ತಿದ್ದ ಲೆಕ್ಕವೇ ಎಂಬಂತೆ.
ನಮಗೂ ಒಂದೇ ಕಡೆಯದು ಮಾಡಿಸಿದ್ದು ಮೇಸ್ತ್ರಿ,
ಮೂರು ರಾತ್ರಿ, ಬಾಗಿಲ ಹತ್ರ.
ಹೋಗೋದು ಅವನಿಗೇ ಗೊತ್ತಂತೆ.

ಅಷ್ಟರಲ್ಲಿ ತೇಜಕುಮಾರ ದೊರೆ ಹಡಗಿನ ಗುಂಡಿ ಒತ್ತಿದ್ದ,
ಗುಂಡಿ ಎಂದಿನಂತೆ ಸಿಕ್ಕಿಕೊಂಡು
ಹಾರ್ನು ನಿಲ್ಲದೆ ಬಡಿದುಕೊಂಡಿತು,
ಫ್ಯೂಸ್ ಕೀಳಲು ಓಡಿದೆ.

ತಿರುಗಿ ಬಂದಾಗ ಸಾಲು ಆಗಲೇ ಹೊರಟಿತ್ತು.
ಟಾಟಾ ಮಿಸ್, ಬೈ ಮಿಸ್, ನಾಯಿಯ ಬೊಗಳು.
ಕೊನೆಯಲ್ಲಿ ಮೊಯ್ನಾ, ಹೊಸಿಲ ಮೇಲೆ ನಿಂತು,
ನಮ್ಮ ಮನೆಯ ಹಿರಿಯರು ಕಲಿಸಿದ ಹಾಗೆ,
ಬರೀ ಹೋಗುತ್ತೇನೆ ಎನ್ನಬಾರದೆಂದು ಗೊತ್ತಿದ್ದವಳ ಹಾಗೆ:
ಹೋಗಿ ಬರ್ತೀನಿ.

ಸಂಜೆ ಎಣಿಸಿದರೆ ಟಿಕೆಟ್ ಒಂದು ಕಡಿಮೆ.
ನಾಯಿಯದೇ ಇರಬೇಕು ಎಂದುಕೊಂಡೆ.
ನಾಯಿ ಇತ್ತು.